ಗುಂಡಿಗಿಳಿಯುವ ಪರೀಕ್ಷಕ

ನೆಲದಾಳದ ಗಟ್ಟಿ ಪದರ ಸೀಳುವ ನೇಗಿಲುಗಳನ್ನು ಪರೀಕ್ಷಿಸುವ ಈ ಮನುಷ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಟ್ರ್ಯಾಕ್ಟರ್ ಹಾದುಹೋದದ್ದೇ ತಡ, ಎದೆಮಟ್ಟದ ಗುಂಡಿ ತೋಡಿ ಇಳಿದು, ಪದರ ಬಿರಿದಿದೆಯೇ ಎಂದು ಬೆರಳಲ್ಲಿ ತಡವುತ್ತಾನೆ. “ಮೇಲೆ ಮಣ್ಣು ಎಷ್ಟು ಚೆನ್ನಾಗಿ ಉಬ್ಬಿದೆ ನೋಡಿ ಸಾರ್!” ಎಂದು ನೇಗಿಲು ಕಂಪನಿಯವನು ಹಲ್ಲು ಕಿರಿದರೆ, “ಮುಖಕ್ಕೆ ಪೌಡರ್ ಬಳಿದ್ರೆ ಹೊಟ್ಟೆನೋವು ಹೋಗುತ್ತೇನ್ರೀ?” ಎಂದು ಒಳಗಿಂದಲೇ ಹರಿಹಾಯುತ್ತಾನೆ. ಸಡಿಲಾದ ಮಣ್ಣಿನ ಮೇಲೇ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ದೊಡ್ಡ ಸಾಹೇಬರನ್ನೂ ಬಿಟ್ಟವನಲ್ಲ: “ತೆಗೀರಿ ಗಾಡೀನ! ಈಗಷ್ಟೇ ಉಸಿರು ಬಂದಿದೆ ಅದಕ್ಕೆ, ಎದೆ ಮೇಲೆ ಕೂತ್ಕೋತೀರಲ್ಲ!” ಎಲ್ಲರೂ ಮುಖ ಸಿಂಡರಿಸಿಕೊಂಡು ಹೋದ ಮೇಲೆ, ನೇಗಿಲ ಸೀಳಿಗೆ ಒಂದು ಕೊಡ ನೀರು ಸುರಿದು ಕುಕ್ಕರಗಾಲಲ್ಲಿ ಕಾಯುತ್ತಾನೆ. ನೀರು ನಿಂತರೆ ನೇಗಿಲು ಮಾಡಿದವರ ಜನ್ಮ ಜಾಲಾಡುತ್ತಾನೆ. ಇಂಗಿದರೆ ಮಾತ್ರ ಹೆಂಡತಿಗೆ ಫೋನು ಮಾಡಿ, ಜ್ವರ ಬಿಟ್ಟ ಮಗುವಿನ ಸುದ್ದಿಯೆಂಬಂತೆ ಮೆಲ್ಲಗೆ ಹೇಳುತ್ತಾನೆ: “ಕುಡೀತು ಕಣೇ.”