ಬೆಲ್ಲ ನೀರು ಕೊಡದ ಮಧ್ಯಾಹ್ನ

ಎದುರು ಮನೆಗೆ ಹೊಸ ಗೇಟು ಕೂರಿಸುತ್ತಿದ್ದಾರೆ. ವೆಲ್ಡಿಂಗಿನ ವಾಸನೆ ಬೆಳಗಿನಿಂದ ಕಿಟಕಿಯಲ್ಲಿ ನುಗ್ಗಿ ನನ್ನ ಸಾರಿನ ಒಗ್ಗರಣೆಯನ್ನೂ ನುಂಗಿಹಾಕಿದೆ. ಸುಟ್ಟ ಕಬ್ಬಿಣದ ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಕೈ ತಾನಾಗಿ ನಿಲ್ಲುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಈಗ ನಿವೃತ್ತರಾಗಿರುವ ನಮ್ಮ ಯಜಮಾನರು ಪ್ರೊಬೇಷನ್ ಆಫೀಸರ್ ಆಗಿದ್ದರು. ಕೋರ್ಟು ಷರತ್ತು ಹಾಕಿ ಮನೆಗೆ ಕಳಿಸಿದವರು ಸರಿದಾರಿಯಲ್ಲಿದ್ದಾರಾ ಎಂದು ನೋಡಿಕೊಳ್ಳುವ ಕೆಲಸ. ಲಾಯಿಲದ ಈ ಮನೆಯಿಂದ ಬಂಟ್ವಾಳ, ಮೂಡುಬಿದಿರೆ ಎಂದು ಬೈಕಿನಲ್ಲಿ ತಿರುಗುತ್ತಿದ್ದರು. ಒಮ್ಮೆ ಇವರಂಥ ಆಫೀಸರುಗಳನ್ನೂ ಜೈಲಿನ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ ಒಂದು ವಾರ ತರಬೇತಿ ಕೊಟ್ಟರು. ಸಣ್ಣ ತಪ್ಪಿಗೆ ಒಳಗೆ ಹೋದವರು ದ್ವೇಷವನ್ನೇ ಕಸುಬು ಮಾಡಿಕೊಂಡವರ ಕೈಗೆ ಸಿಗದ ಹಾಗೆ ಹೇಗೆ ಕಾಯುವುದು ಎಂಬುದು ಪಾಠ. ಲಾಠಿಯದ್ದೋ ಕಂಪ್ಯೂಟರಿನದ್ದೋ ವಿದ್ಯೆ ಇರಬೇಕೆಂದು ನಾನು ಎಣಿಸಿದ್ದೆ. ಇವರು ತಂದದ್ದು ಹೋಂವರ್ಕು.

"ನೀನು ಜೈಲಿಂದ ಬಂದವಳು ಅಂತ ಇಟ್ಟುಕೊ. ನಾನು ಮಾತಾಡಿಸ್ತೇನೆ."

ಊಟದ ಮೇಜಿನ ಮುಂದೆ, ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದಂತೆ, ಮಡಿಲಲ್ಲಿ ಕೈ ಜೋಡಿಸಿ ಕೂತೆ. ಅಪರಾಧಿಯಾಗಲಿಕ್ಕೂ ನನಗೆ ಬೇರೆ ಭಂಗಿ ಗೊತ್ತಿರಲಿಲ್ಲ.

"ಯಾಕೆ ಮಾಡಿದ್ದು?" ಎಂದರು.

"ಎಂತದನ್ನು?"

"ಎಂತದೋ ಒಂದು ಮಾರಾಯ್ತಿ! ಕಲ್ಲು ಬಿಸಾಡಿದ್ದು ಅಂತ ಇಟ್ಟುಕೊ."

"ನಾನು ಬಿಸಾಡಲಿಲ್ಲ."

ಇವರು ಪೆನ್ನು ಕೆಳಗಿಟ್ಟು ನಕ್ಕರು. "ತರಬೇತಿಯಲ್ಲಿಯೂ ಇದೇ ಹೇಳಿದ್ದು ನೋಡು. ಯಾಕೆ ಅಂತ ಶುರು ಮಾಡಿದ್ರೆ ಯಾರೂ ಬಾಯಿ ಬಿಡುದಿಲ್ಲ. ಜೈಲಿಗೆ ನಿನ್ನನ್ನು ನೋಡ್ಲಿಕ್ಕೆ ಮೊದಲು ಬಂದದ್ದು ಯಾರು ಅಂತ ಕೇಳ್ಬೇಕಂತೆ."

ನಿಜವೇ. ಐದನೇ ಕ್ಲಾಸಿನಲ್ಲಿ ನಾನು ಒಡೆದ ಹೂದಾನಿಯ ಬಗ್ಗೆ ಸಿಸ್ಟರ್ "ಯಾಕೆ?" ಎಂದು ಕೇಳಿದ್ದಕ್ಕೆ, ಬೆಕ್ಕು ಎಂದಿದ್ದೆ. ಆ ಬೆಕ್ಕಿನ ಹೆಸರು ಇನ್ನೂ ಕೆಟ್ಟೇ ಉಂಟು.

ಹೊಸ ಪ್ರಶ್ನೆಯನ್ನು ಇವರು ಮೊದಲು ಕೇಳಿದ್ದು ಪಾಣೆಮಂಗಳೂರು ಕಡೆಯ ಒಬ್ಬನಿಗೆ. ಇಪ್ಪತ್ತನಾಲ್ಕು ವರ್ಷ, ವೆಲ್ಡಿಂಗ್ ಕೆಲಸ, ಯಾವುದೋ ಗಲಾಟೆಯಲ್ಲಿ ಕಲ್ಲೆಸೆದು ಕೆಲವು ತಿಂಗಳು ಒಳಗಿದ್ದವನು. ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಹೆಸರು ಕೇಳಿದ ಕೂಡಲೇ ಅವನು ಯಾವ ಕಡೆಯವನೆಂದು ತಿಳಿಯುತ್ತದೆ, ಆಮೇಲೆ ಮುಂದಿನ ಮಾತು ಕಿವಿಗೆ ಹೋಗುವುದಿಲ್ಲ. ಅವನು ಹೇಳಿದನಂತೆ: "ಮನೆಯಿಂದ ಯಾರೂ ಬರ್ಲಿಲ್ಲ ಸಾರ್. ಅವರು ಬಂದ್ರು. ಬಿಸ್ಕೆಟ್ ತಂದ್ರು, ಹೊಸ ಚಪ್ಪಲಿ ತಂದ್ರು." ಅವರೆಂದರೆ ಅವನ ಕೈಗೆ ಮೊದಲ ಕಲ್ಲು ಕೊಟ್ಟವರೇ. ಹೊರಗೆ ಬಂದ ಮೇಲೂ ಫೋನು ಮಾಡಿ ಕರೆಯುತ್ತಿದ್ದರು. ಇನ್ನೊಮ್ಮೆ ಹೋದರೆ ಅವನು ತಿರುಗಿ ಬರುವುದಿಲ್ಲ ಎಂದು ಇವರಿಗೆ ಭಯ. ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕೊಡಿಸಿ, "ಕಷ್ಟ ಆದ್ರೆ ನೇರ ಮನೆಗೆ ಬಾ" ಎಂದು ವಿಳಾಸ ಕೊಟ್ಟರು. ನನಗೂ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಅವನು ಬಂದದ್ದು ಒಂದು ಮಧ್ಯಾಹ್ನ. ಇವರು ಬಂಟ್ವಾಳದ ಕೋರ್ಟಿನಲ್ಲಿದ್ದರು. ಮುಂಗೈ ತುಂಬ ಕಿಡಿ ಹಾರಿದ ಕಪ್ಪು ಚುಕ್ಕೆ, ಅಂಗಿಯಲ್ಲಿ ಇದೇ ವಾಸನೆ. ಯಾರೆಂದು ಕೂಡಲೇ ತಿಳಿಯಿತು.

"ಅಮ್ಮಾ, ಸಾರ್ ಇದ್ದಾರಾ? ಆ ಜನ ವರ್ಕ್‌ಶಾಪಿನ ಹತ್ತಿರ ಕಾರು ತಂದಿದ್ದಾರೆ. ಇವತ್ತು ಬರ್ಲೇಬೇಕು ಅಂತ..."

ಜನಗಣತಿಯವರು ಬಂದರೂ ಮೊದಲು ಬೆಲ್ಲ, ನೀರು ಕೊಡುವ ಮನೆ ನಮ್ಮದು. ಬೆಲ್ಲದ ಡಬ್ಬಿ ಕೈಗೆಟಕುವಷ್ಟು ಹತ್ತಿರವಿತ್ತು.

"ಸಾರ್ ಇಲ್ಲ. ಆಫೀಸಿಗೆ ಹೋಗಿ" ಎಂದೆ. ಬಾಗಿಲು ಹಾಕಿ ಚಿಲಕ ಎಳೆದೆ.

ಪರದೆಯ ಸಂದಿಯಿಂದ ನೋಡಿದೆ. ಮೆಟ್ಟಿಲ ಕೆಳಗೆ ಚಪ್ಪಲಿಯನ್ನು ಒಂದಕ್ಕೊಂದು ತಾಗಿಸಿ, ನೀಟಾಗಿ ಬಿಟ್ಟು ಬಂದಿದ್ದ. ಒಳಗೆ ಕರೆಯುತ್ತಾರೆ ಎಂದುಕೊಂಡವರು ಬಿಡುವ ಹಾಗೆ. ಅದನ್ನು ಮೆಲ್ಲಗೆ ಮೆಟ್ಟಿಕೊಂಡು ಹೋದ.

ಸಂಜೆ ಹೇಳಿದಾಗ ಇವರು ಬೈಯಲಿಲ್ಲ. ಕಾಫಿ ಮುಟ್ಟದೆ ಬೈಕು ತೆಗೆದರು. ಅವನು ವರ್ಕ್‌ಶಾಪಿನಲ್ಲಿಲ್ಲ, ಮನೆಯಲ್ಲಿಲ್ಲ, ಫೋನು ಸ್ವಿಚ್ ಆಫ್. ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಪೇಪರು ಬಂದ ಕೂಡಲೇ ನಾನು ಗಲಾಟೆಯ ಸುದ್ದಿಯನ್ನೇ ಮೊದಲು ಹುಡುಕುತ್ತಿದ್ದೆ.

ಮೂರನೇ ದಿನ ಮೂಡುಬಿದಿರೆಯಿಂದ ಅವನ ಅಕ್ಕ ಫೋನು ಮಾಡಿದಳು. ನಮ್ಮ ಬಾಗಿಲಿನಿಂದ ಹೋದವನು ಸಿಕ್ಕಿದ ಬಸ್ಸು ಹತ್ತಿ ಅವಳಲ್ಲಿಗೆ ಹೋಗಿದ್ದ. ಅವಳೂ ಎರಡು ದಿನ ಬಾಗಿಲಿಗೆ ಚಿಲಕ ಹಾಕಿಯೇ ಇಟ್ಟಿದ್ದಳಂತೆ, ತಮ್ಮನನ್ನು ಒಳಗಿಟ್ಟುಕೊಂಡು.

ಇವರು ಹೋಗಿ ನೋಡಿ ಬಂದರು. "ನನ್ನ ಬಗ್ಗೆ ಎಂತಾದರೂ ಹೇಳಿದನಾ?" ಎಂದು ಕೇಳಿದೆ.

"'ಅಮ್ಮನಿಗೆ ಹೆದರಿಕೆ ಆಯ್ತು ಕಾಣ್ತದೆ ಸಾರ್, ನಾನು ಫೋನ್ ಮಾಡಿ ಬರ್ಬೇಕಿತ್ತು' ಅಂದ."

ಅವನು ಬೈದಿದ್ದರೆ ಸುಲಭವಿತ್ತು. ತರಬೇತಿ ಇವರಿಗೆ ಕೊಟ್ಟದ್ದು, ನನಗಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅವನು ಕೋರ್ಟು ಹೇಳಿದ ಅವಧಿ ಮುಗಿಸಿದ, ಮೂಡುಬಿದಿರೆಯಲ್ಲೇ ಕೆಲಸ ಮಾಡಿಕೊಂಡಿದ್ದಾನಂತೆ. ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಎದುರು ಮನೆಯ ಸದ್ದು ನಿಂತಿದೆ. ವೆಲ್ಡಿಂಗಿನವನು ಕಪ್ಪು ಕನ್ನಡಕ ತೆಗೆದು ಬಿಸಿಲಿನಲ್ಲೇ ಕೂತಿದ್ದಾನೆ. ಆ ಮನೆಯವರು ಊರಲ್ಲಿಲ್ಲ.

"ಬಿಸಿಲಿಗೆ ಕೂರ್ಬೇಡಿ ಮಾರಾಯ್ರೆ, ಇಲ್ಲಿ ಬನ್ನಿ" ಎಂದು ಕೂಗಿದೆ. ಬಂದು ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಬಗ್ಗಿದ. "ಹಾಗೇ ಬನ್ನಿ, ಪರ್ವಾಗಿಲ್ಲ" ಎಂದೆ. ಆದರೂ ಬಿಟ್ಟೇ ಬಂದ. ಒಳಗೆ ಫ್ಯಾನಿನ ಕೆಳಗೆ ಕೂತು, ಬೆಲ್ಲ ಕಚ್ಚಿ, ಎರಡು ಲೋಟ ನೀರು ಕುಡಿದ. ತಾಯಿಯ ಮಂಡಿನೋವಿನ ಬಗ್ಗೆ ಮಾತಾಡಿದ.

ಹೆಸರು ಕೇಳಲಿಲ್ಲವೆಂದು ನನಗೆ ನೆನಪಾದದ್ದು ಅವನು ಎದ್ದು ಹೋದ ಮೇಲೆ.