ವಿನಯಾಳ ಮೂರನೇ ಅಧ್ಯಾಯ

ಕುಂದಾಪುರದ ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಯೋಗೀಶನಿಗೆ ವಿನಯಾಳ ಚೀಲ ಕಂಡರೇ ತಲೆಬಿಸಿ. ಆ ಒಂದೇ ಚೀಲದಲ್ಲಿ ಹಳಗನ್ನಡ ಕಾವ್ಯದ ಕಡಲ ವರ್ಣನೆಯ ಮೇಲೆ ಅವಳು ಮಾಡುತ್ತಿರುವ ಪಿಎಚ್.ಡಿ.ಯೂ ಇದೆ, ಅವಳು ಸಂಪಾದಿಸುವ ತ್ರೈಮಾಸಿಕವೂ ಇದೆ. “ಯೋಗೀಶಣ್ಣ, ಇದೊಂದ್ ಸಂಚಿಕೆ ಮುಗೀಲಿ, ಮತ್ತೆ ಪ್ರಬಂಧ ಬಿಟ್ಟ್ ಬೇರೆ ಎಂತದೂ ಮುಟ್ಟುದಿಲ್ಲ ಕಾಣಿ” ಎಂದು ಅವಳು ಹೇಳತೊಡಗಿ ಐದು ವರ್ಷವಾಯಿತು. ಸಾವಿರ ವರ್ಷ ಹಿಂದಿನ ಕವಿಯ ಹದಿನೆಂಟು ಪದ್ಯಗಳ ಪಕ್ಕ ‘ಮೂರು ಸಾಕಿತ್ತು’ ಎಂದು ಕೆಂಪು ಪೆನ್ನಿನಲ್ಲಿ ಬರೆದು ಮಾರ್ಗದರ್ಶಕರಿಂದ ಬೈಸಿಕೊಳ್ಳುತ್ತಾಳೆ. ಬೈಂದೂರಿನ ಹೊಸ ಕವಿಯ ಆರು ಸಾಲಿಗೆ ಒಂಬತ್ತು ಅಡಿಟಿಪ್ಪಣಿ ಹಾಕುತ್ತಾಳೆ. ಪ್ರಕಟಿಸದ ಕವಿತೆಯನ್ನು ಸುಮ್ಮನೆ ವಾಪಸು ಕಳಿಸುವುದಂತೂ ಅವಳಿಂದಾಗದು. ಕವಿತೆ ಅರ್ಧ ಪುಟವಾದರೆ ಪತ್ರ ಏಳು ಪುಟ, ಅದೂ ಕೈಬರಹದಲ್ಲಿ, ನಕಲು ಇಟ್ಟುಕೊಳ್ಳದೆ. “ಹ್ವಾಯ್, ಅಷ್ಟೊತ್ತಿಗೆ ಒಂದ್ ಅಧ್ಯಾಯ ಮುಗೀತಿತ್ತಲ್ದಾ!” ಎಂದು ಯೋಗೀಶ ರೇಗಿದರೆ, “ಪಾಪ, ಅವ್ರಿಗೆ ಹೇಳುವರ್ ಬೇರೆ ಯಾರಿದ್ರ್?” ಎನ್ನುತ್ತಾಳೆ. ಇವತ್ತು ಮಾರ್ಗದರ್ಶಕರು ಪ್ರೆಸ್ಸಿಗೇ ಫೋನ್ ಮಾಡಿ, ಸೋಮವಾರದೊಳಗೆ ಮೂರನೇ ಅಧ್ಯಾಯ ಬಾರದಿದ್ದರೆ ನೋಂದಣಿ ರದ್ದು ಎಂದರು. ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು. ಆ ಅಧ್ಯಾಯ ಆಗಲೇ ಬರೆದಾಗಿದೆ ಎಂಬುದು ಯೋಗೀಶನಿಗೆ ಮಾತ್ರ ಗೊತ್ತು. ಹೋದ ವರ್ಷ ಸುಳ್ಳು ಹೆಸರಿನಲ್ಲಿ, ಹಾಲಾಡಿಯ ಭಾವನ ವಿಳಾಸ ಕೊಟ್ಟು, ಗಂಗೊಳ್ಳಿಯ ಕಡಲಿನ ಮೇಲೊಂದು ಕವಿತೆ ಕಳಿಸಿದವನು ಅವನೇ. ಹಳೆಯ ಕವಿಗಳ ಕಡಲನ್ನೆಲ್ಲ ಅವನ ಗಂಗೊಳ್ಳಿಯ ಪಕ್ಕ ಇಟ್ಟು ತೂಗಿ ಕವಿತೆ ವಾಪಸು ಮಾಡುವಾಗ ಅವಳು ಬರೆದಿದ್ದ ಹನ್ನೊಂದು ಪುಟಗಳ ಪತ್ರವನ್ನು ಅವನು ಡ್ರಾಯರಿನಿಂದ ತೆಗೆದು ಅವಳೆದುರು ಕುಕ್ಕಿದ. “ಕಡೀ ಎರಡ್ ಸಾಲ್ ಲಾಯ್ಕ್ ಇತ್ತ್ ಅಂದ್ ಬರ್ದಿರಿ, ಮತ್ತ್ ಎಂತಕ್ಕೆ ಹಾಕ್ಲಿಲ್ಲ?”