ಬ್ಯಾಟರಿಗೆ ತಂದ ನೀರು

ಆಗ ನನಗೆ ಐವತ್ತೆಂಟು ವರ್ಷ. ಅದಾಗಿ ಹದಿನೆಂಟು ವರ್ಷ ಕಳೆಯಿತು. ನ್ಯಾಯವಾಗಿ ವ್ಯಾಪಾರ ಮಾಡಿಕೊಂಡಿದ್ದ ಒಬ್ಬನ ಅಂಗಡಿಗೆ ನಾನು ಮಣ್ಣು ಹಾಕಿದೆ. ಅದೂ ಬೇಳೆ ಸಾರಿನ ಹೆಚ್ಚುಗಾರಿಕೆಗೆ. ಕೇಳಿದವರು ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಕಾರಿನಿಂದ ಶುರು ಮಾಡಬೇಕು. ನಮ್ಮ ಯಜಮಾನರು ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಎತ್ತರದ ಬ್ಯಾರನ್ ಮನೆಯೊಳಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸಲು ಹತ್ತಿದ್ದವರು ಮೇಲಿನಿಂದ ಬಿದ್ದರು. ಎಡಗಾಲಿನ ಮಂಡಿ ಮಡಚದ ಹಾಗಾಯಿತು. ಬೈಕು ಓಡಿಸುವ ಹಾಗಿಲ್ಲ, ಬಸ್ಸು ಹತ್ತಬೇಕಾದರೆ ಇಬ್ಬರು ಹಿಡಿಯಬೇಕು. ಎರಡು ವರ್ಷ ಜಗುಲಿ ಮೇಲೆ ಕೂತು ನನ್ನ ಪ್ರಾಣ ತಿಂದರು. ಆಮೇಲೆ ಯಾರೋ ಹೇಳಿದರು ಅಂತ ಮೈಸೂರಿನ ಡಾಕ್ಟರೊಬ್ಬರು ಇಟ್ಟುಕೊಂಡಿದ್ದ ಕರೆಂಟ್ ಕಾರನ್ನು ಹಳೆಯದೇ ಕೊಂಡುಕೊಂಡರು. ಗೇರಿಲ್ಲ, ಕ್ಲಚ್ಚಿಲ್ಲ, ಬಲಗಾಲು ಒಂದಿದ್ದರೆ ಸಾಕು. ಮೈಸೂರಿನಿಂದ ನಮ್ಮೂರಿನ ತನಕ ಒಂದೇ ಸಲಕ್ಕೆ ಓಡುವ ತಾಕತ್ತು ಅದಕ್ಕಿರಲಿಲ್ಲ. ಟೆಂಪೋ ಮೇಲೆ ಹತ್ತಿಸಿಕೊಂಡು ಬಂದರು. ಕಾರು ಇನ್ನೊಂದು ಗಾಡಿ ಹತ್ತಿ ಬಂದದ್ದು ಕಂಡು ಊರಿನವರು ಅವತ್ತಿನಿಂದಲೇ ನಗಲು ಶುರು ಮಾಡಿದರು.

ಓಡಿದರೆ ಗುಯ್ ಅಂತ ಸಣ್ಣಗೆ ಸದ್ದು. "ಏನ್ ಮಾವ, ಮಿಕ್ಸಿ ತಂದ್ಬುಟ್ರಾ? ಇದ್ರಲ್ಲಿ ಕಾಯಿನೂ ರುಬ್ಬಬೋದಾ?" ಅಂತ ಕೇಳುವವರು. ಸದ್ದಿಲ್ಲದ ಕಾರಿಗೆ ಕೋಳಿ ದಾರಿ ಬಿಡದು, ಎಮ್ಮೆ ತಿರುಗಿಯೂ ನೋಡದು. ಎದುರುಮನೆಯವಳ ಹ್ಯಾಟೆ ಕೋಳಿ ಒಂದು ಚಕ್ರಕ್ಕೆ ಸಿಕ್ಕಿ ಸತ್ತು, ಅವಳು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ಅದಕ್ಕಿಂತ ದೊಡ್ಡ ಪೀಡೆ ಕರೆಂಟಿನದು. ಕಾರಿಗೆ ಆರೇಳು ಗಂಟೆ ಕರೆಂಟು ಉಣ್ಣಿಸಬೇಕು. ನಮ್ಮ ಕಡೆ ಕರೆಂಟು ಬೆಳಿಗ್ಗೆ ಹೋದರೆ ಮಧ್ಯಾಹ್ನ ಒಂದು ಸಲ ಮುಖ ತೋರಿಸಿ ಮತ್ತೆ ಹೋಗುತ್ತಿತ್ತು. ಅಡುಗೆಮನೆ ಕಿಟಕಿಯಿಂದ ಅಂಗಳಕ್ಕೆ ವೈರು ಎಳೆದಿದ್ದೆವು. ಬಂತಾ ಹೋಯ್ತಾ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ಬಂದಾಗ ಕಾರು ಉಣ್ಣಲು ಕೂತರೆ ಅಕ್ಕಪಕ್ಕದ ಬಲ್ಬುಗಳೆಲ್ಲ ಕೆಂಪಗೆ ಕುಗ್ಗಿಹೋಗುತ್ತಿದ್ದವು. "ಅಕ್ಕೋ, ನಿಮ್ ಕಾರ್ ಎಬ್ಬುಸ್ರಕ್ಕೋ, ಟೀವಿ ನೋಡ್ಬೇಕು" ಅಂತ ಗೋಡೆ ಆಚೆಯಿಂದ ಕೂಗುವರು. ಇಷ್ಟೆಲ್ಲ ಇದ್ದರೂ ಯಜಮಾನರು ಮತ್ತೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೋಗಿಬರುವಂತಾದರು. ಜಗುಲಿ ಖಾಲಿಯಾಯಿತು. ಅಷ್ಟು ಸಾಕಾಗಿತ್ತು ನನಗೆ.

ಕಾರಿಗೆ ನೀರು ಹಾಕುವುದೂ ನನ್ನ ಪಾಲಿಗೆ ಬಂತು. ಸೀಟು ಎತ್ತಿದರೆ ಕೆಳಗೆ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ವಾರಕ್ಕೊಂದು ಸಲ ಮುಚ್ಚಳ ತೆಗೆದು ಕಮ್ಮಿಯಾದಷ್ಟು ನೀರು ತುಂಬಬೇಕು. ಯಜಮಾನರಿಗೆ ಬಗ್ಗಲು ಆಗದು. "ಎಮ್ಮೆಗೆ ನೀರ್ ತೋರ್ಸಲ್ವಾ, ಅಂಗೇ ಅಂದ್ಕೊ" ಅಂದರು. ಆದರೆ ಆ ನೀರು ಮನೆಯದಲ್ಲ. ಪಿರಿಯಾಪಟ್ಟಣದ ಬ್ಯಾಟರಿ ಅಂಗಡಿಯಿಂದ ಬಿಳಿ ಕ್ಯಾನಿನಲ್ಲಿ ಬರಬೇಕು. ನೀರನ್ನು ಕಾಯಿಸಿ, ಅದರ ಆವಿ ಹಿಡಿದು ಇಳಿಸಿದ್ದಂತೆ. ಉಪ್ಪು ಸುಣ್ಣ ಒಂದೂ ಇರದಂತೆ. ಅಂಗಡಿಯವನು ಕೇರಳದ ಕಡೆಯಿಂದ ಬಂದವನು, ಬಂದು ಹತ್ತು ಹನ್ನೆರಡು ವರ್ಷ ಆಗಿತ್ತು. ಮೆತ್ತಗೆ ಮಾತಾಡುವವನು. ಮೊದಲನೇ ಕ್ಯಾನು ಕೊಡುವಾಗಲೇ ನನಗೆ ಹೇಳಿದ್ದ, "ಅಮ್ಮಾ, ಇದು ಬಿಟ್ಟು ಬೇರೆ ನೀರು ಒಂದು ತೊಟ್ಟೂ ಬೇಡ. ಬೋರ್ ನೀರು ಹಾಕಿದ್ರೆ ಬ್ಯಾಟರಿ ಸತ್ತೇಹೋಗುತ್ತೆ." ಕಿವಿಯಲ್ಲಿ ಕೇಳಿಸಿಕೊಂಡೆ. ಕೇಳಿಸಲಿಲ್ಲ ಅಂತ ಇವತ್ತು ಹೇಳುವ ಹಾಗಿಲ್ಲ.

ಈಗ ಸಾರಿನ ಮಾತಿಗೆ ಬರುತ್ತೇನೆ. ನಮ್ಮ ಬೋರಿನ ನೀರು ಗಡುಸು. ಹಂಡೆಯೊಳಗೆ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಮಧ್ಯಾಹ್ನದ ತನಕ ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ. ಕುಕ್ಕರಿನ ಸಾರು ಯಜಮಾನರಿಗೆ ಸೇರದು, ಪಾತ್ರೆಯಲ್ಲೇ ಬೇಯಬೇಕು. ಅವರ ಅಕ್ಕನನ್ನು ಕೆ.ಆರ್. ನಗರದ ಕಡೆ ಕಾಲುವೆ ಊರಿಗೆ ಕೊಟ್ಟಿತ್ತು. ಅಲ್ಲಿ ನೀರು ಸಿಹಿ, ಬೇಳೆ ಒಂದು ಕುದಿಗೆ ಕರಗುತ್ತದೆ. ಅತ್ತಿಗೆ ಬಂದಾಗಲೆಲ್ಲ ನನ್ನ ಸಾರಿನಲ್ಲಿ ಬೆರಳಾಡಿಸಿ ಒಂದು ಬೇಳೆ ಎತ್ತಿ ಎಲ್ಲರಿಗೂ ತೋರಿಸುವರು. "ನೋಡ್ರಪ್ಪಾ, ಹಲ್ಲಿರೋರು ಮಾತ್ರ ಉಣ್ಣಿ. ನಮ್ಮ ತಮ್ಮಂಗೆ ಕೈ ಗುಣ ಇಲ್ದೋಳ್ನ ತಂದ್ಬುಟ್ರು." ನಲವತ್ತು ವರ್ಷ ಇದೇ ಮಾತು. ನೀರಿನ ದೋಷ ಕಣಕ್ಕಾ ಅಂದರೆ ಕುಣಿಯೋಕೆ ಬಾರದೆ ನೆಲ ಡೊಂಕು ಅಂದವಳನ್ನು ನೋಡಿದ ಹಾಗೆ ನನ್ನನ್ನು ನೋಡಿ ನಗುವರು.

ಒಂದು ದಿನ ಅತ್ತಿಗೆ ಹೇಳದೆ ಕೇಳದೆ ಬಂದರು. ಎರಡು ದಿನದಿಂದ ಕರೆಂಟಿಲ್ಲ, ಮೋಟರು ಓಡಿಲ್ಲ, ತೊಟ್ಟಿಯಲ್ಲಿ ತಳದ ಕೆಸರು. ಮೂಲೆಯಲ್ಲಿ ಬ್ಯಾಟರಿ ನೀರಿನ ಕ್ಯಾನು ತುಂಬಿತ್ತು. ನಾಲಿಗೆ ಮೇಲೆ ಒಂದು ತೊಟ್ಟು ಹಾಕಿ ನೋಡಿದೆ. ಸಪ್ಪಗಿತ್ತು. ಅದರಲ್ಲೇ ಬೇಳೆಗೆ ಇಟ್ಟೆ.

ಬೇಳೆ ಬೆಣ್ಣೆಯಾಯಿತು. ಸೌಟಿನಲ್ಲಿ ಒಂದು ಸಲ ತಿರುವಿದ್ದಕ್ಕೇ ಕರಗಿಹೋಯಿತು. ಅತ್ತಿಗೆ ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟುಕೊಂಡರು. ಮತ್ತೆ ಸಾರು ಕೇಳಿ ಹಾಕಿಸಿಕೊಂಡರು. "ಅಂತೂ ಮುದುಕಿ ಆಗೋ ಹೊತ್ತಿಗೆ ಕಲ್ತ್ಕಂಡೆ ಬುಡು" ಅಂದರು. ಯಜಮಾನರು ತಟ್ಟೆ ಎತ್ತಿ ಕುಡಿದರು. "ಇಷ್ಟ್ ವರ್ಸ ಈ ಸಾರ್ನ ಎಲ್ ಬಚ್ಚಿಟ್ಟಿದ್ಯೇ?" ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅಷ್ಟು ಚೆನ್ನಾಗಿತ್ತು ಆ ಮಾತು ಕೇಳೋಕೆ.

ಬ್ಯಾಟರಿಗೆ ನೀರು ಹಾಕುವ ದಿನ ಬಂದಾಗ ಕ್ಯಾನಿನಲ್ಲಿ ಕಾಲು ಭಾಗ ಉಳಿದಿತ್ತು, ಅದು ಸಾಲದು. ಬೋರ್ ನೀರನ್ನು ಕಾಯಿಸಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಕೂಸಿಗೆ ಕುಡಿಸುವ ನೀರಿನ ಹಾಗೆ ಆರಿಸಿ ಹಾಕಿದೆ. ಕಾಯಿಸಿದ ಮೇಲೆ ಇನ್ನೇನು ದೋಷ ಅಂತ ನನ್ನ ಲೆಕ್ಕ. ಕಾರು ಓಡಿತು. ಮುಂದಿನ ವಾರವೂ ಹಾಗೇ ಹಾಕಿದೆ, ಆಗಲೂ ಓಡಿತು. ಆಮೇಲೆ ಅದೇ ಪದ್ಧತಿಯಾಯಿತು. ಅಂಗಡಿಯ ನೀರು ಬೇಳೆಗೆ, ಬೋರಿನ ನೀರು ಬ್ಯಾಟರಿಗೆ. ಯಜಮಾನರಿಗೆ ಹೇಳಿದ್ದರೆ ಇನ್ನೊಂದು ಕ್ಯಾನು ತಂದುಕೊಡುತ್ತಿದ್ದರು. ಆದರೆ ಸಾರಿನ ಹೆಸರು ನೀರಿಗೆ ಹೋಗುತ್ತಿತ್ತು. ನನಗದು ಬೇಡವಾಗಿತ್ತು. ಆರು ತಿಂಗಳು ಹೀಗೆ ನಡೆಸಿದೆ.

ಕಾರು ಒಂದೇ ಸಲ ಕೆಡಲಿಲ್ಲ. ಮೊದಮೊದಲು ಪಿರಿಯಾಪಟ್ಟಣಕ್ಕೆ ಹೋಗಿಬಂದರೂ ಇನ್ನೂ ಅರ್ಧ ಉಳಿಯುತ್ತಿದ್ದ ಚಾರ್ಜು ಬರುಬರುತ್ತಾ ವಾಪಸು ಬರೋಕೆ ಸಾಲದಾಯಿತು. ಯಜಮಾನರು ದಾರಿಯ ಅಕ್ಕಿ ಮಿಲ್ಲಿನವರನ್ನು ಅಂಗಲಾಚಿ ಅಲ್ಲಿ ವೈರು ಚುಚ್ಚಿಸಿಕೊಂಡು ಕಾಯುತ್ತಾ ಕೂರುವರು. ಕೊನೆಗೆ ಒಂದು ದಿನ ಕೆರೆ ಏರಿಯ ಮೇಲೆ ಪೂರಾ ನಿಂತೇಹೋಯಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದೆವು. ಯಜಮಾನರು ಒಳಗೆ ಸ್ಟೇರಿಂಗು ಹಿಡಿದು ಕೂತಿದ್ದರು, ತಲೆ ಎತ್ತಲಿಲ್ಲ. ಮೈಸೂರಿನಿಂದ ಬಂದ ಮೆಕ್ಯಾನಿಕ್ಕು ಸೀಟು ಎತ್ತಿ ನೋಡಿ, "ಇದಕ್ಕೆ ಕೆಟ್ಟ ನೀರು ಬಿದ್ದಿದೆ. ಎಲ್ಲಾ ಬ್ಯಾಟರಿನೂ ಹೋಗಿವೆ" ಅಂದ.

ಯಜಮಾನರು ನನ್ನ ಕಡೆ ತಿರುಗಲಿಲ್ಲ. ನನ್ನ ಮೇಲೆ ಅನುಮಾನವೇ ಬರಲಿಲ್ಲ ಅವರಿಗೆ. "ಕಳ್ ನನ್ಮಗ, ನಲ್ಲಿ ನೀರ್ ತುಂಬಿ ಮಾರವ್ನೆ" ಅಂದರು.

ಜೀಪು ಬಾಡಿಗೆಗೆ ಹಿಡಿದು ನನ್ನನ್ನೂ ಕೂರಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೊರಟರು. ಅವತ್ತು ಹೊಗೆಸೊಪ್ಪಿನ ಹರಾಜು, ಊರು ತುಂಬಾ ರೈತರು, ಟ್ರ್ಯಾಕ್ಟರು. ಅಂಗಡಿ ಮುಂದೆ ಜೀಪು ಇಳಿದು ಊರುಗೋಲಿನಲ್ಲಿ ಕ್ಯಾನುಗಳಿಗೆ ಹೊಡೆದರು. ಒಂದೆರಡು ಉರುಳಿ ನೀರು ರಸ್ತೆಗೆ ಹರಿಯಿತು.

"ಏನ್ಲಾ, ನಮ್ಮೂರ್ಗೆ ಬಂದು ನಮಗೇ ನೀರ್ ಕುಡುಸ್ತೀಯಾ? ನನ್ನ ಕಾಲ್ ಕಿತ್ಕಂಡ್ಬುಟ್ಯಲ್ಲೋ!"

ಜನ ಸೇರಿದರು. ಅವನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. "ಯಜಮಾನ್ರೇ, ನನ್ನ ಮಕ್ಕಳಾಣೆ, ನೀರು ಒಳ್ಳೇದು. ಇಲ್ಲಿ ನೂರು ಟ್ರ್ಯಾಕ್ಟರಿಗೆ ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾ, ಹಾಕೋರು ನೀವೇ ಅಲ್ವಾ? ನೀವೇ ಹೇಳಿ. ಬೇರೆ ನೀರು ಏನಾದ್ರೂ ಬಿತ್ತಾ?"

ಎಲ್ಲರೂ ನನ್ನ ಮುಖ ನೋಡಿದರು. ಹೇಳೋಕೆ ಒಂದು ಗಳಿಗೆ ಸಾಕಾಗಿತ್ತು. ನಾನು ಹೇಳಿದ್ದು ಇದು: "ನೀ ಕೊಟ್ಟುದ್ನೇ ಹಾಕ್ದೆ ಕಣಪ್ಪ. ನಂಗೇನ್ ಗೊತ್ತು?"

ಅಷ್ಟೇ. ಅವನು ಬಗ್ಗಿ ಉರುಳಿದ ಕ್ಯಾನು ಎತ್ತಿಟ್ಟ. ಹಿಂದಿನಿಂದ ಯಾರೋ "ನಲ್ಲಿ ಅಂಗ್ಡಿ ಕಣ್ರೋ ಇದು" ಅಂದರು, ಜನ ನಕ್ಕರು.

ಆ ಹೆಸರು ನಿಂತುಹೋಯಿತು. ಟ್ರ್ಯಾಕ್ಟರಿನವರು ಬ್ಯಾಟರಿ ನೀರಿಗೆ ಹುಣಸೂರಿಗೆ ಹೋಗಲು ಶುರು ಮಾಡಿದರು. ನೀರಲ್ಲಿ ಮೋಸ ಮಾಡುವವನು ಬ್ಯಾಟರಿಯಲ್ಲಿ ಬಿಡುತ್ತಾನಾ ಅಂತ ಬ್ಯಾಟರಿಗೂ ಅಲ್ಲಿಗೇ ಹೋದರು. ಇದೆಲ್ಲ ನಮ್ಮ ಜಗುಲಿಗೆ ಬಂದವರ ಬಾಯಲ್ಲೇ ನನಗೆ ಗೊತ್ತಾಗುತ್ತಿತ್ತು. ನಾನು ಟೀ ಕೊಟ್ಟು ಒಳಗೆ ಬರುತ್ತಿದ್ದೆ.

ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅವನೇ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಕ್ಯಾನು. ಯಜಮಾನರು ಬೈಯಲು ಬಾಯಿ ತೆಗೆಯುವ ಮುಂಚೆಯೇ, "ಬೈರಿ ಯಜಮಾನ್ರೇ, ಆಮೇಲೆ ಬೈರಿ. ಮೊದ್ಲು ಒಂದು ಸ್ಟೀಲ್ ತಟ್ಟೆ, ಒಂಚೂರು ಬೆಂಕಿ ಕೊಡಿ" ಅಂದ. ನನ್ನ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ. ಯಜಮಾನರು ಹೊಸಿಲ ಮೇಲೆ ಗೋಡೆ ಹಿಡಿದು ನಿಂತರು. ತಟ್ಟೆಯ ಒಂದು ಕಡೆ ಅವನ ನೀರು ನಾಲ್ಕು ತೊಟ್ಟು, ಇನ್ನೊಂದು ಕಡೆ ನಮ್ಮ ಬೋರಿನದು ನಾಲ್ಕು ತೊಟ್ಟು ಹಾಕಿ ಬೆಂಕಿಯ ಮೇಲೆ ಹಿಡಿದ. ಅವನ ನೀರು ಆರಿ ಗುರುತೇ ಇಲ್ಲದ ಹಾಗಾಯಿತು. ನಮ್ಮದು ಬಿಳೀ ಸುಣ್ಣದ ಚುಕ್ಕೆಯಾಗಿ ಕೂತಿತು.

"ನೋಡಿ, ಬ್ಯಾಟರಿ ಸಾಯಿಸೋದು ಈ ಬಿಳೀದು."

"ಇವತ್ತು ಒಳ್ಳೇದು ತಂದಿದ್ದೀಯ" ಅಂದರು ಯಜಮಾನರು. "ಅವತ್ತು ಕೊಟ್ಟಿದ್ದು? ನಾವೇನ್ ಬೋರ್ ನೀರ್ ಉಯ್ದ್ವಾ? ಕೇಳು ಇವಳ್ನ."

ಅವನು ನನ್ನನ್ನು ಕೇಳಲು ತಲೆ ಎತ್ತಿದ. ಒಲೆ ಪಕ್ಕದಲ್ಲಿ ಇಷ್ಟಿಷ್ಟೇ ಬಳಸಿ ಉಳಿಸಿಕೊಂಡಿದ್ದ ಅವನ ಅಂಗಡಿಯದೇ ಕೊನೆಯ ಕ್ಯಾನು ಇತ್ತು, ಮುಚ್ಚಳ ತೆಗೆದು ಅದರ ಬಾಯಿಗೆ ನನ್ನ ಲೋಟ ಕವುಚಿತ್ತು. ಒಲೆ ಮೇಲೆ ಬೇಳೆ ಕುದಿಯುತ್ತಿತ್ತು. ಅವನು ಕ್ಯಾನು ನೋಡಿದ. ಪಾತ್ರೆಯೊಳಗೆ ಇಣುಕಿದ. ಆಮೇಲೆ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ತಿಳಿಯಿತು ಅಂತ ನನಗೂ ತಿಳಿಯಿತು. ಈಗ ಕೂಗುತ್ತಾನೆ ಅಂತ ಸೆರಗು ಬಿಗಿಯಾಗಿ ಹಿಡಿದುಕೊಂಡೆ.

ಕೂಗಲಿಲ್ಲ. ತಟ್ಟೆಯನ್ನು ತೊಳೆಯುವ ಪಾತ್ರೆಗಳ ಜೊತೆ ಇಟ್ಟ. "ಹೋಗ್ಲಿ ಬಿಡಿ ಯಜಮಾನ್ರೇ" ಅಂತ ಎದ್ದ. "ಈ ತಿಂಗಳಿಗೆ ಅಂಗಡಿ ಮುಚ್ತಾ ಇದೀನಿ. ಊರಿಗೆ ಹೋಗ್ತೀನಿ. ನನ್ನ ನೀರು ಒಳ್ಳೇದು ಅಂತ ಒಂದು ಮನೆಗಾದ್ರೂ ಹೇಳಿ ಹೋಗೋಣ ಅಂತ ಬಂದೆ." ತಂದ ಕ್ಯಾನನ್ನು ಅಲ್ಲೇ ಬಿಟ್ಟು ಹೋದ. ಕುಡಿಯೋಕೆ ನೀರು ಬೇಕಾ ಅಂತ ಕೇಳುವಷ್ಟು ಮರ್ಯಾದೆಯೂ ನನ್ನಲ್ಲಿ ಉಳಿದಿರಲಿಲ್ಲ.

ಬೈದಿದ್ದರೆ ನಾನೂ ತಿರುಗಿ ಬೈದು, ಸಾಧಿಸಿ, ಗೆದ್ದು, ಇವತ್ತಿಗೆ ಮರೆತಿರುತ್ತಿದ್ದೆ. ಅಂಥವಳೇ ನಾನು. ಗಂಡನ ಎದುರಿಗೆ ನನ್ನ ಮಾನ ಉಳಿಸಿ ಅವನು ಹೋದ. ಅವನ ಮಾನವನ್ನು ನಾನು ಸಂತೆಯಲ್ಲಿ ಕಳೆದಿದ್ದೆ. ಒಲೆ ಮೇಲಿನ ಬೇಳೆಯನ್ನು ಎಮ್ಮೆಯ ಕಲಗಚ್ಚಿಗೆ ಸುರಿದೆ.

ಮಾರನೇ ದಿನ ಬೆಳಿಗ್ಗೆ ಯಜಮಾನರು ಮುಖ ತೊಳೆಯಲು ಕೂತಾಗ ಚೊಂಬು ಕೈಗೆ ಕೊಟ್ಟು ಎಲ್ಲಾ ಹೇಳಿದೆ. ಅವರು ಬಾಯಲ್ಲಿದ್ದ ನೀರು ಉಗಿದರು.

"ಸಾರಿಗಾ?"

"ಹೂಂ."

"ಅಷ್ಟು ಜನದ ಮುಂದೆ ಬೈದ್ನಲ್ಲೇ ಅವನ್ನ."

"ನೀವ್ ಬೈದಿದ್ದು ನನ್ನ ನಂಬಿ. ನಾನೇ ಹೋಗಿ ಹೇಳ್ತೀನಿ."

ಅವರು ಚೊಂಬು ಗೋಡೆಗೆ ಬೀಸಿ ಎಸೆದರು. ನಾನು ಮೊದಲ ಬಸ್ಸು ಹತ್ತಿದೆ.

ಅಂಗಡಿ ಎದುರಿನ ಟೀ ಹೋಟೆಲ್ಲಿನ ಮುಂದೆ ಮೂರು ನಾಲ್ಕು ಟ್ರ್ಯಾಕ್ಟರು ನಿಂತಿದ್ದವು. ಏಳೆಂಟು ಗಂಡಸರು ಟೀ ಕುಡಿಯುತ್ತಿದ್ದರು. ಅವರ ಮಧ್ಯೆ ಹೋಗಿ ನಿಂತೆ. "ಈ ಬ್ಯಾಟರಿ ಅಂಗ್ಡಿ ನೀರಲ್ಲಿ ಮೋಸ ಇಲ್ಲ. ನಮ್ ಕಾರಿಗೆ ಬೋರ್ ನೀರ್ ಉಯ್ದೋಳು ನಾನು. ಅವತ್ತು ಇಲ್ಲಿ ನಿಂತು ಸುಳ್ ಹೇಳ್ದೋಳೂ ನಾನೇ" ಅಂದೆ.

"ಮತ್ತೆ ಅವನ ನೀರ್ನ ಏನ್ ಮಾಡ್ದೆ ಅಜ್ಜಿ? ಸ್ನಾನ ಮಾಡ್ಕಂಡ್ಯಾ?" ಅಂದ ಒಬ್ಬ.

"ಬೇಳೆ ಬೇಯ್ಸ್ದೆ" ಅಂದೆ.

ಒಬ್ಬನ ಮೂಗಿಗೆ ಟೀ ಹತ್ತಿತು, ಅಷ್ಟು ನಕ್ಕರು. ನಗು ನಿಲ್ಲುವ ತನಕ ನಿಂತಿದ್ದು, ಕೇಳಿಸದವರಿಗೆ ಇನ್ನೊಂದು ಸಲ ಹೇಳಿದೆ. ಅಂಗಡಿಯವನು ಹೊರಗೆ ಬಂದು ನಿಂತಿದ್ದ. "ಸಾಕಮ್ಮಾ, ಒಳಗೆ ಬನ್ನಿ" ಅಂದ. ನಾನು ಅವನ ಮುಖ ನೋಡಲಿಲ್ಲ. ಹರಾಜಿನ ದಿನ ನಮ್ಮ ಜಗಳ ನೋಡಲು ಗೊಬ್ಬರದ ಅಂಗಡಿಯವರೂ ಬಂದಿದ್ದರು, ಟಯರ್ ಅಂಗಡಿಯವರೂ ಬಂದಿದ್ದರು. ಗೊಬ್ಬರದ ಅಂಗಡಿಯ ಬಾಗಿಲು ಆಗಷ್ಟೇ ತೆಗೆಯುತ್ತಿದ್ದರು. ಅವರಿಗೂ ಹೇಳೋಣ ಅಂತ ಅತ್ತ ನಡೆದೆ.